ಕಾಂಪ್ಲೆಕ್ಸ್ ಹತ್ರ ಹೋಗಿಬರ್ತೀನಿ

ಜಯನಗರದ ಗಂಡಸರು ಸಂಜೆಯಾದರೆ ಚಪ್ಪಲಿ ಮೆಟ್ಟುತ್ತಾ ಒಳಮನೆಗೆ ಕೇಳುವಂತೆ ಹೇಳುತ್ತಿದ್ದ ಮಾತು ಒಂದೇ: 'ಕಾಂಪ್ಲೆಕ್ಸ್ ಹತ್ರ ಹೋಗಿಬರ್ತೀನಿ.' ಏನು ತರೋದಿದೆ ಅಂತ ಅಡುಗೆಮನೆಯಿಂದ ಪ್ರಶ್ನೆ ಬಂದರೆ ಉತ್ತರ ಇರುತ್ತಿರಲಿಲ್ಲ. ಕೇಳಿದವರಿಗೂ ಉತ್ತರ ಬೇಕಿರಲಿಲ್ಲ. ಒಂದು ಬಟ್ಟೆಚೀಲ ಕೈಗೆ ಕೊಟ್ಟು 'ಬರ್ತಾ ಒಂದು ಕಟ್ಟು ಕೊತ್ತಂಬರಿ' ಅನ್ನೋರು. ಚೀಲ ಕೈಗೆ ಬಂದಿತೆಂದರೆ ಎರಡು ತಾಸಿನ ರಜೆ ಮಂಜೂರಾಯಿತು ಎಂದೇ ಲೆಕ್ಕ. ಕೊತ್ತಂಬರಿ ಮರೆತು ಬಂದ ದಿನವೂ ಯಾರೂ ದೊಡ್ಡ ರಂಪ ಮಾಡಿದ್ದಿಲ್ಲ.

ಅಂಗಡಿ ಸಾಲಿಗೆ ಜನ ಹೋಗುವುದು ಕೊಳ್ಳುವುದಕ್ಕೆ ಎಂಬ ನಂಬಿಕೆ ಅಂಗಡಿಯವರಿಗೂ ಇರಲಾರದು. ಹೋಗುವುದು ನಾಲ್ಕು ಮುಖ ನೋಡುವುದಕ್ಕೆ, ಎಲ್ಲಾದರೂ ಸ್ವಲ್ಪ ಹೊತ್ತು ಕೂರುವುದಕ್ಕೆ. ಕೊಳ್ಳುವುದೆಲ್ಲ ಕೂತು ಎದ್ದಮೇಲಿನ ಮಾತು. ಬೆಂಗಳೂರಿನ ಹೊರವಲಯಗಳಲ್ಲಿ ಐವತ್ತು ವರ್ಷಗಳಿಂದ ಎದ್ದ, ಬಿದ್ದ, ಮತ್ತೆ ಎದ್ದ ಕಾಂಪ್ಲೆಕ್ಸುಗಳನ್ನೂ ಮಾಲುಗಳನ್ನೂ ನಾನು ಅಳೆಯುವುದು ಈ ಒಂದೇ ಕೋಲಿನಿಂದ: ಕಾಸು ಬಿಚ್ಚದೆ ಅಲ್ಲಿ ಎಷ್ಟು ಹೊತ್ತು ಕೂರಬಹುದು?

ಜಯನಗರ ಹೊರವಲಯವೇ ಎಂದು ಈಗಿನ ಹುಡುಗರು ನಗಬಹುದು. 1948ರಲ್ಲಿ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರು ಬಂದು ಬಡಾವಣೆಗೆ ಚಾಲನೆ ಕೊಟ್ಟು, ಅದರ ಗುರುತಾಗಿ ಅಶೋಕ ಸ್ತಂಭ ಎದ್ದಾಗ, ಬೆಂಗಳೂರು ಅಲ್ಲಿಗೆ ಮುಗಿದುಹೋಗುತ್ತಿತ್ತು. ದಕ್ಷಿಣದ ಗಡಿಯನ್ನು ಸೌತ್ ಎಂಡ್ ಸರ್ಕಲ್ ಇವತ್ತಿಗೂ ತನ್ನ ಹೆಸರಿನಲ್ಲಿ ಹೊತ್ತುಕೊಂಡು ನಿಂತಿದೆ. ಊರು ಮಾತ್ರ ಅದನ್ನು ದಾಟಿ ಹೋಗಿ ಎಷ್ಟೋ ಕಾಲವಾಯಿತು. ಸೈಟು ಸಿಕ್ಕಿತು ಅಂತ ಚಾಮರಾಜಪೇಟೆ, ಬಸವನಗುಡಿ ಬಿಟ್ಟು ಬಂದವರಿಗೆ ಮೊದಮೊದಲು ನರಿ ಕೂಗು ಕೇಳುತ್ತಿತ್ತಂತೆ. ಒಂದು ಸೇರು ಸಾಮಾನಿಗೂ ಗಾಂಧಿಬಜಾರಿಗೆ ಹೋಗಬೇಕು. ಅಂಥ ಜಾಗದ ನಾಲ್ಕನೇ ಬ್ಲಾಕಿನಲ್ಲಿ ಎಪ್ಪತ್ತರ ದಶಕದ ಹೊತ್ತಿಗೆ ದೊಡ್ಡ ಕಾಂಪ್ಲೆಕ್ಸು ಎದ್ದಿತು ಅಂದರೆ ನಮ್ಮವರಿಗೆ ಅದೆಂಥ ಹಿಗ್ಗು ಆಗಿರಬೇಕು, ಲೆಕ್ಕ ಹಾಕಿ.

ಏನಿರಲಿಲ್ಲ ಅಲ್ಲಿ? ತರಕಾರಿ, ಹೂವು, ಹಣ್ಣು, ಬಳೆ, ಸ್ಟೀಲ್ ಪಾತ್ರೆ, ಜನತಾ ಬಜಾರು, ಮಹಡಿ ಮೇಲೆ ಸರ್ಕಾರಿ ಕಚೇರಿ, ಪಕ್ಕದಲ್ಲೇ ಬಸ್ ನಿಲ್ದಾಣ. ಅದೇ ಆವರಣದಲ್ಲಿ ಒಂದು ಚಿತ್ರಮಂದಿರ ಬೇರೆ. ಅದಕ್ಕೆ ಪುಟ್ಟಣ್ಣ ಕಣಗಾಲರ ಹೆಸರು. ತರಕಾರಿ ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಮ್ಯಾಟಿನಿ ನೋಡಿದ ಗೃಹಿಣಿಯರ ಒಂದು ತಲೆಮಾರೇ ಜಯನಗರದಲ್ಲಿದೆ. ನಮ್ಮ ಅತ್ತೆ ಆ ಪೈಕಿ. ಕತ್ತಲಲ್ಲಿ ಪಕ್ಕದವರು ಅವರ ನುಗ್ಗೇಕಾಯಿ ಕಟ್ಟನ್ನು ತುಳಿದರೆಂದು ಅರ್ಧ ಸಿನಿಮಾ ಜಗಳದಲ್ಲೇ ಕಳೆದುಹೋಯಿತು. ಕತೆಯ ಉಳಿದರ್ಧವನ್ನು ಆಮೇಲೆ ತುಳಿದವರೇ ಹೇಳಿದರಂತೆ.

ಕಟ್ಟಡ ಚಂದವಿತ್ತು ಎಂದು ನಾನು ಹೇಳಲಾರೆ. ಸರ್ಕಾರಿ ಸಿಮೆಂಟಿಗೆ ಇರುವ ಬೂದು ಬಣ್ಣ, ಮೂಲೆಗಳಲ್ಲಿ ಎಲೆಯಡಿಕೆಯ ಕೆಂಪು. ಆದರೆ ತೆರೆದ ಮೊಗಸಾಲೆಗಳಿದ್ದವು, ಗಾಳಿ ಆಡುತ್ತಿತ್ತು, ಕಟ್ಟೆ ಮೆಟ್ಟಿಲುಗಳಿಗೆ ಕೊರತೆ ಇರಲಿಲ್ಲ. ಪೆನ್ಷನ್ ಆದವರು ಒಂದು ಕಟ್ಟೆ, ಕಾಲೇಜು ಹುಡುಗರು ಒಂದು ಕಟ್ಟೆ, ಮದುವೆ ದಲ್ಲಾಳಿಗಳು ಇನ್ನೊಂದು. ಎದ್ದು ಹೋಗಿ ಅಂತ ಹೇಳುವುದಕ್ಕೆ ಅಲ್ಲಿ ಯಾರಿಗೂ ಸಂಬಳ ಕೊಟ್ಟಿರಲಿಲ್ಲ.

ಕೂರುವ ವಿಷಯ ಬಂತು, ನಿಲ್ಲುವುದನ್ನೂ ಹೇಳಿಬಿಡಬೇಕು. ಎಂಬತ್ತರ ದಶಕದಲ್ಲಿ ಇದೇ ಜಯನಗರದಲ್ಲಿ ದರ್ಶಿನಿ ಹೋಟೆಲು ಹುಟ್ಟಿತು. ಕುರ್ಚಿ ಇಲ್ಲ, ಮಾಣಿ ಇಲ್ಲ. ಟೋಕನ್ ತಗೋ, ಇಡ್ಲಿ ತಗೋ, ಎದೆಮಟ್ಟದ ಕಲ್ಲುಮೇಜಿನ ಮುಂದೆ ನಿಂತು ತಿನ್ನು, ಹೊರಡು. ಅಗ್ಗ, ಶುಚಿ, ಚುರುಕು, ಎಲ್ಲ ಸರಿ. ಆದರೆ ಒಂದು ದೋಸೆಗೆ ಒಂದು ತಾಸು ಕೂತು ಪತ್ರಿಕೆಯ ಸಂಪಾದಕೀಯವನ್ನು ಖಂಡಿಸುತ್ತಿದ್ದ ಹಳೇ ಹೋಟೆಲಿನ ಗಿರಾಕಿಗಳು ದಿಕ್ಕಿಲ್ಲದವರಾದರು. ಅವರೆಲ್ಲ ಕಾಫಿ ಲೋಟ ಇಟ್ಟ ಮರುಕ್ಷಣ ನಡೆದದ್ದು ಕಾಂಪ್ಲೆಕ್ಸಿನ ಕಟ್ಟೆಗೆ. ದರ್ಶಿನಿಗಳು ಗೆದ್ದದ್ದರಲ್ಲಿ ಆ ಕಟ್ಟೆಗಳ ಪಾಲೂ ಇದೆ ಎಂದು ನನ್ನ ವಾದ. ಇದನ್ನು ಯಾರೂ ಒಪ್ಪಿಲ್ಲ, ನಾನೂ ಬಿಟ್ಟಿಲ್ಲ.

ಈ ಮಾಲು ಎಂಬುದನ್ನು ಮೊದಲು ಕಟ್ಟಿದ ಪುಣ್ಯಾತ್ಮನ ಕತೆ ಕೇಳಿದರೆ ಅವನೂ ನಮ್ಮ ಕಟ್ಟೆ ಪಾರ್ಟಿಯವನೇ ಎನಿಸುತ್ತದೆ. ವಿಕ್ಟರ್ ಗ್ರೂಯೆನ್ ಎಂದು ಹೆಸರು. ವಿಯೆನ್ನಾದ ಯಹೂದಿ ವಾಸ್ತುಶಿಲ್ಪಿ. 1938ರಲ್ಲಿ ನಾಜಿಗಳು ಊರಿಗೆ ನುಗ್ಗಿದಾಗ ಅಮೆರಿಕಕ್ಕೆ ಓಡಿಹೋದ. ಅಲ್ಲಿ ನೋಡಿದರೆ ಊರಾಚೆ ಬಡಾವಣೆಗಳ ಜನ ಕಾರಿನಿಂದ ಇಳಿಯುವವರೇ ಅಲ್ಲ. ವಿಯೆನ್ನಾದ ಚೌಕ, ಕಾಫಿಮನೆ, ಸುಮ್ಮನೆ ಅಡ್ಡಾಡುವ ಸಂಜೆ, ಇದನ್ನೆಲ್ಲ ಇವರಿಗೆ ಒಂದೇ ಸೂರಿನಡಿ ಕೊಡೋಣ ಎಂದುಕೊಂಡ. ಮಿನ್ನಿಯಾಪೊಲಿಸ್ ಪಕ್ಕದ ಈಡೈನಾದಲ್ಲಿ 1956ರ ಅಕ್ಟೋಬರಿನಲ್ಲಿ ಅವನ ಸೌತ್‌ಡೇಲ್ ತೆರೆಯಿತು. 72 ಅಂಗಡಿ, ನಡುವೆ ಸೂರಿದ್ದ ಅಂಗಳ, ಗಿಡ, ದೊಡ್ಡ ಪಂಜರದಲ್ಲಿ ಹಕ್ಕಿಗಳು. ಹೊರಗೆ ಮಂಜು ಸುರಿದರೂ ಒಳಗೆ ವರ್ಷವಿಡೀ ವಸಂತ. ಅಲ್ಲಿನ ಚಳಿಗೆ ಅದು ಬೇಕಿತ್ತು ಬಿಡಿ. ಕಿಟಕಿ ತೆಗೆದರೆ ಸಾಕು ವಸಂತ ಬರುವ ಬೆಂಗಳೂರಿಗೆ ಅದೇ ಮುಚ್ಚಿದ ಪೆಟ್ಟಿಗೆಯನ್ನು ಏಕೆ ತಂದರೋ, ಕರೆಂಟ್ ಬಿಲ್ಲು ಕಟ್ಟುವವರನ್ನು ಕೇಳಬೇಕು.

ಗ್ರೂಯೆನ್ ಹಾಕಿದ್ದ ನಕ್ಷೆಯಲ್ಲಿ ಅಂಗಡಿಗಳ ಸುತ್ತ ಮನೆ, ಶಾಲೆ, ಪಾರ್ಕು, ಆಸ್ಪತ್ರೆ ಎಲ್ಲ ಇದ್ದವು. ದುಡ್ಡು ಹಾಕಿದವರು ಅಂಗಡಿ ಕಟ್ಟಿ, ಸುತ್ತ ಕಾರು ನಿಲ್ಲಿಸುವ ಬಯಲು ಮಾಡಿ ಕೈತೊಳೆದುಕೊಂಡರು. ಕಣ್ಣು ಕುಕ್ಕುವ ಅಂಗಡಿಗಳ ನಡುವೆ, ಬಂದ ಕೆಲಸವನ್ನೇ ಮರೆತು ಗಿರಾಕಿ ಕಂಡದ್ದೆಲ್ಲ ಕೊಳ್ಳುವ ಆ ಗಳಿಗೆಗೆ ವ್ಯಾಪಾರದ ಪಂಡಿತರು ಅವನ ಹೆಸರನ್ನೇ ಅಂಟಿಸಿದರು. ಮುದುಕನಾದಮೇಲೆ ಅವನು ವಿಯೆನ್ನಾಕ್ಕೆ ಮರಳಿದ. ಅಲ್ಲೂ ಊರಾಚೆ ಭಾರೀ ಮಾಲೊಂದು ಎದ್ದಿತು. ಈ ಅಕ್ರಮ ಸಂತಾನಕ್ಕೆಲ್ಲ ನಾನು ಜೀವನಾಂಶ ಕೊಡುವವನಲ್ಲ ಎಂಬರ್ಥದ ಮಾತಾಡಿ, 1980ರಲ್ಲಿ ತೀರಿಕೊಂಡ.

ಜೀವನಾಂಶ ಇರಲಿ, ಸಂತಾನ ಬೆಂಗಳೂರಿಗೂ ಬಂತು. ಬರುವ ಮುಂಚೆ ಒಂದು ವಿಚಿತ್ರ ಪೀಠಿಕೆ ನಡೆಯಿತು. ತೊಂಬತ್ತರ ದಶಕದಲ್ಲಿ ವಿಮಾನ ನಿಲ್ದಾಣದ ರಸ್ತೆಯಲ್ಲಿ (ಆಗಿನ್ನೂ ಅದು 'ಓಲ್ಡ್' ಆಗಿರಲಿಲ್ಲ) ಕೋಟೆಯ ಆಕಾರದ ಒಂದು ಅಂಗಡಿ ಎದ್ದಿತ್ತು, ಕೆಂಪ್ ಫೋರ್ಟ್. ಎಂ.ಜಿ. ರಸ್ತೆಯ ಕಿಡ್ಸ್ ಕೆಂಪಿನವರದ್ದೇ. ಅದರ ಹಿಂದೆ 1995ರಲ್ಲಿ 65 ಅಡಿಯ ಶಿವನನ್ನೂ ಕೂರಿಸಿದರು. ಹೊರಗೆ ವೇಷದವರು ಮಕ್ಕಳ ಕೈಕುಲುಕುವುದು, ಒಳಗೆ ಫ್ರಾಕು, ಹಿಂದೆ ಈಶ್ವರ. ಮಗುವಿಗೆ ಬಟ್ಟೆ ಕೊಳ್ಳದಿದ್ದರೂ ದೇವರ ದರ್ಶನ ಆಯಿತಲ್ಲ ಎಂದು ಹೇಳಿಕೊಂಡು ಖಾಲಿ ಕೈಯಲ್ಲಿ ತಲೆಯೆತ್ತಿ ಬರಬಹುದಿತ್ತು. ಆಮೇಲೆ ಬಂದ ಯಾವ ಮಾಲಿನಲ್ಲೂ ಈ ಅನುಕೂಲ ಇರಲಿಲ್ಲ.

2004ರಲ್ಲಿ ಕೋರಮಂಗಲದ ಹೊಸೂರು ರಸ್ತೆಯಲ್ಲಿ ಫೋರಂ ತೆರೆಯಿತು. ಹನ್ನೊಂದು ಪರದೆಯ ಪಿವಿಆರ್, ಪುಸ್ತಕದಂಗಡಿ, ಊಟದ ಮಹಡಿ. ಅದನ್ನು ನೋಡುವುದಕ್ಕೆಂದೇ ತುಮಕೂರು, ಮಂಡ್ಯದಿಂದ ನೆಂಟರು ಬಂದರು. ಲಾಲ್‌ಬಾಗ್, ವಿಧಾನಸೌಧ, ಇಸ್ಕಾನ್ ಆದಮೇಲೆ ಫೋರಂ ಎಂದು ನೋಡುವ ಜಾಗಗಳ ಪಟ್ಟಿಯೇ ಉದ್ದವಾಯಿತು. ಆ ಕಾಲದ ನಿಜವಾದ ಸಿನಿಮಾ ನಡೆಯುತ್ತಿದ್ದದ್ದು ಎಸ್ಕಲೇಟರಿನ ಬುಡದಲ್ಲಿ. ಸೀರೆ ನೆರಿಗೆ ಹಿಡಿದು, ಒಂದು ಕಾಲು ಮುಂದೆ ಚಾಚಿ, ಮೆಟ್ಟಿಲು ತನ್ನ ಪಾಡಿಗೆ ಹೊರಟೇಹೋಗುವುದನ್ನು ಕಂಡು ಕಾಲು ಹಿಂದೆಳೆದುಕೊಳ್ಳುವ ಹೆಂಗಸರು. ಹಿಂದೆ ಅರ್ಧ ಮಾಲು ಸಾಲುಗಟ್ಟಿರುವುದು. ಮೇಲೆ ಹೋಗಿ ನಿಂತ ಮಕ್ಕಳು 'ಬಾಮ್ಮಾ, ಬಾ!' ಎಂದು ಕೂಗುವುದು. ನಮ್ಮ ಅತ್ತೆಗೆ ಸೆಕ್ಯುರಿಟಿ ಹುಡುಗ ಕೈಕೊಟ್ಟು 'ಬನ್ನಿ ಅಜ್ಜಿ' ಅಂದ. ಅತ್ತೆ ಒಂದು ಕ್ಷಣ ಕಣ್ಣುಮುಚ್ಚಿ, ಗೃಹಪ್ರವೇಶಕ್ಕೆ ಇಡುವ ಹಾಗೆ ಬಲಗಾಲಿಟ್ಟು ಹತ್ತಿದರು. ಇಳಿಯುವಾಗ ಮಾತ್ರ ಲಿಫ್ಟೇ ಬೇಕೆಂದು ಹಟ ಹಿಡಿದರು. ದೇವಸ್ಥಾನದ ಗರ್ಭಗುಡಿಗಿಂತ ಇಲ್ಲಿ ತಣ್ಣಗಿದೆ, ಆದರೆ ಒಂದು ಕಟ್ಟೆಯೂ ಇಲ್ಲವಲ್ಲೋ, ಎಂದದ್ದು ಅವರ ಅಂತಿಮ ವರದಿ.

ಒಳಗೆ ಇರಲಿಲ್ಲ ನಿಜ. ಕುರ್ಚಿ ಇದ್ದದ್ದು ತಿನ್ನುವ ಮಹಡಿಯಲ್ಲಿ. ಅಲ್ಲೂ ತಟ್ಟೆ ಖಾಲಿಯಾದ ಕೂಡಲೇ ಮೇಜು ಒರೆಸುವ ಹುಡುಗ ನಮ್ಮ ಮುಂದೆಯೇ ಒರೆಸಿದ್ದನ್ನೇ ಒರೆಸುತ್ತಿದ್ದ. ಆದರೆ ಮಾಲಿನ ಮುಂಭಾಗದ ಮೆಟ್ಟಿಲುಗಳನ್ನು ಹುಡುಗ ಹುಡುಗಿಯರು ಮೊದಲ ವಾರದಲ್ಲೇ ಕಂಡುಹಿಡಿದರು. ಒಂದು ಕಾರ್ನ್ ಕಪ್ಪು, ನಾಲ್ಕು ಚಮಚ, ಮೂರು ತಾಸು. ಹೊಸೂರು ರಸ್ತೆಯ ಟ್ರಾಫಿಕ್ಕೇ ಅವರಿಗೆ ಸಮುದ್ರತೀರ. ಎಷ್ಟು ಪ್ರೇಮಗಳು ಆ ಮೆಟ್ಟಿಲುಗಳ ಮೇಲೆ ಕುದುರಿ, ಎಷ್ಟು ಅಲ್ಲೇ ಮುರಿದವೋ. ಮೇಲಿನ ಪಿವಿಆರ್‌ನಲ್ಲಿ 2006ರ ಕೊನೆಗೆ ಬಂದ 'ಮುಂಗಾರು ಮಳೆ' ಒಂದು ವರ್ಷಕ್ಕೂ ಮಿಕ್ಕಿ ಓಡಿತು. ಮಲ್ಟಿಪ್ಲೆಕ್ಸಿನಲ್ಲಿ ಕನ್ನಡ ಸಿನಿಮಾ ಯಾರು ನೋಡ್ತಾರೆ ಎನ್ನುತ್ತಿದ್ದವರ ಬಾಯಿ ಅಷ್ಟು ದಿನವಾದರೂ ಮುಚ್ಚಿತ್ತು. ನಾಲ್ಕನೇ ಬ್ಲಾಕಿನ ಪುಟ್ಟಣ್ಣ ಚಿತ್ರಮಂದಿರವನ್ನು ಮುಂದೆ ಹೊಸ ಕಟ್ಟಡಕ್ಕಾಗಿ ಕೆಡವಿದರು. ಫೋರಂ ಹೆಸರು ಹೋಗಿ ನೆಕ್ಸಸ್ ಆಯಿತು. ಆಟೋದವರು ಈಗಲೂ ಫೋರಂ ಅಂದರೇ ಮೀಟರ್ ಹಾಕುವುದು. ಹಾಕಿದರೆ.

ಆಮೇಲೆ ಬಂದವನ್ನು ಒಂದೊಂದಾಗಿ ಹೇಳುತ್ತಾ ಕೂತರೆ ಪಂಚಾಂಗ ಓದಿದ ಹಾಗಾಗುತ್ತದೆ. ಒಂದು ಸಂಗತಿ ಮಾತ್ರ ನನ್ನನ್ನು ಕಾಡುತ್ತದೆ. ಮಲ್ಲೇಶ್ವರದ ಮಂತ್ರಿ ಮಾಲ್ ನಿಂತಿರುವುದು ರಾಜಾ ಮಿಲ್ಲಿನ ನೆಲದಲ್ಲಿ. ಲುಲು ಬಂದದ್ದು ಮಿನರ್ವ ಮಿಲ್ಲಿನ ಜಾಗಕ್ಕೆ. ಬಿನ್ನಿಪೇಟೆಯ ಮಾಲು ಇರುವಲ್ಲಿ ಬಿನ್ನಿ ಮಿಲ್ಲು ಇತ್ತು, ಒರಾಯನ್ ಇರುವಲ್ಲಿ ಕಿರ್ಲೋಸ್ಕರ್ ಕಾರ್ಖಾನೆ. ಸೈರನ್ ಕೂಗಿದರೆ ಸುತ್ತಲ ಬೀದಿಗಳೆಲ್ಲ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಜಾಗಗಳು. ತಾತ ನೂಲು ತೆಗೆದ ನೆಲದಲ್ಲಿ ಮೊಮ್ಮಗಳು ಟೀ ಶರ್ಟ್ ಮಡಿಸಿಡುತ್ತಾಳೆ. ತಾತನಿಗೆ ಪಾಳಿ ನಡುವೆ ಊಟದ ಹೊತ್ತಿಗೆ ಕೂರಲು ಮರದ ನೆರಳಿತ್ತು. ಬಟ್ಟೆ ಅಂಗಡಿಯ ಹುಡುಗಿಗೆ ಗಿರಾಕಿ ಇಲ್ಲದಾಗಲೂ ಸ್ಟೂಲ್ ಇಲ್ಲದಿರುವುದನ್ನು ಎಷ್ಟೋ ಕಡೆ ಕಂಡಿದ್ದೇನೆ. ಕೂರುವ ಹಕ್ಕಿನ ಮಾತನ್ನು ಗಿರಾಕಿಗಳಲ್ಲೇ ಮುಗಿಸುವುದು ನ್ಯಾಯವಲ್ಲ.

ಕೂರುವುದಿರಲಿ, ಒಳಗೆ ಬಿಡಬೇಕಲ್ಲ! ಮುಂಬಯಿಯಲ್ಲಿ 1999ರಲ್ಲಿ ಕ್ರಾಸ್‌ರೋಡ್ಸ್ ಮಾಲು ತೆರೆದ ಹೊಸದರಲ್ಲಿ ಮೊಬೈಲ್ ಫೋನೋ ಕ್ರೆಡಿಟ್ ಕಾರ್ಡೋ ತೋರಿಸು, ಇಲ್ಲವಾದರೆ ಪ್ರವೇಶ ಶುಲ್ಕ ಕಟ್ಟು ಎಂದರು. ಮೊಬೈಲೇ ಅಪರೂಪವಾಗಿದ್ದ ಕಾಲ. ಬೆಂಗಳೂರಿನಲ್ಲಿ 2024ರ ಜುಲೈಯಲ್ಲಿ ಮಗನ ಜತೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ಮಾಗಡಿ ರಸ್ತೆಯ ಮಾಲೊಂದರ ಬಾಗಿಲಲ್ಲಿ ತಡೆದರು. ಊರೆಲ್ಲ ಸಿಡಿದೆದ್ದಿತು, ಪಂಚೆ ಉಟ್ಟವರೇ ಬಂದು ಪ್ರತಿಭಟಿಸಿದರು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಪಂಚೆ ಉಟ್ಟು ಕೂರುವಷ್ಟು ಸುಖವಾಗಿ ಪ್ಯಾಂಟು ಹಾಕಿ ಕೂರಲಾಗುವುದಿಲ್ಲ ಎಂಬುದು ಬಾಗಿಲು ಕಾಯಿಸಿದವರಿಗೆ ಗೊತ್ತಿದ್ದೇ ತಡೆಸಿದರೋ ಏನೋ.

ಈಗ ಹೊಸ ಚಿಂತೆ. ಇಂದಿರಾನಗರ, ಕೋರಮಂಗಲ, ಸದಾಶಿವನಗರ, ಆರ್.ಟಿ. ನಗರ ಮುಂತಾದ ಕಡೆ ಬಿಡಿಎಯವರು ಬಡಾವಣೆಗೊಂದರಂತೆ ಕಟ್ಟಿದ ಕಾಂಪ್ಲೆಕ್ಸುಗಳಿವೆ. ಮೆಟ್ಟಿಲ ಕೆಳಗೊಬ್ಬ ಟೈಲರ್, ಒಂದು ಜೆರಾಕ್ಸ್ ಅಂಗಡಿ, ಒಂದು ಬ್ಯಾಂಕು, ಹಗಲಲ್ಲೂ ಟ್ಯೂಬ್‌ಲೈಟ್ ಬೇಕಾಗುವ ಒಂದು ಕಚೇರಿ. ಗೋಡೆ ಬಿರುಕು ಬಿಟ್ಟಿದೆ, ಶೌಚಾಲಯದ ಮಾತು ಬೇಡ. ಇವನ್ನು ಕೆಡವಿ ಖಾಸಗಿಯವರ ಜತೆಗೂಡಿ ದೊಡ್ಡ ವಾಣಿಜ್ಯ ಕಟ್ಟಡ ಮಾಡುವ ಯೋಜನೆ ಹಾಕಿದ್ದಾರೆ. ಸುತ್ತಲ ಮನೆಯವರು ಬೇಡ ಎಂದಿದ್ದಾರೆ. ಟ್ರಾಫಿಕ್ಕು, ನೀರು, ಸಾರ್ವಜನಿಕ ಜಮೀನು, ಅವರ ಆಕ್ಷೇಪಗಳೆಲ್ಲ ತೂಕದವೇ.

ನಾನು ಹಳೆಯದೆಲ್ಲ ಉಳಿಯಲಿ ಎನ್ನುವ ಪೈಕಿ ಅಲ್ಲ. ಆ ಶೌಚಾಲಯಗಳನ್ನು ಕಂಡ ಯಾರೂ ಆ ಪಕ್ಷ ಸೇರಲಾರರು. ಬಿಡಿಎಯವರಲ್ಲಿ ನನ್ನದೊಂದೇ ಅರ್ಜಿ: ಏನೇ ಕಟ್ಟಿ, ಎಷ್ಟೇ ಮಹಡಿ ಏರಿಸಿ, ಟೆಂಡರಿನ ಷರತ್ತುಗಳಲ್ಲಿ ಒಂದು ಸಾಲು ಸೇರಿಸಿಬಿಡಿ. ನೆಲಮಹಡಿಯಲ್ಲಿ, ರಸ್ತೆಗೆ ಮುಖವಾಗಿ, ಬೆನ್ನಿಗೆ ಆಸರೆ ಇರುವ ಉದ್ದನೆಯ ಕಲ್ಲುಕಟ್ಟೆ. ಕೂತವರನ್ನು ಏನು ಬೇಕು ಎಂದು ಯಾರೂ ಕೇಳಕೂಡದು. ಮೆಟ್ಟಿಲ ಕೆಳಗಿನ ಟೈಲರಿಗೂ ಒಂದು ಮೂಲೆ ಇರಲಿ, ಅವನ ಹತ್ತಿರ ನನ್ನ ಎರಡು ಪ್ಯಾಂಟು ಇನ್ನೂ ಬಾಕಿ ಇವೆ.