ನೀರಿನಡಿಯ ಊರು

ಆಲೂರು ದಾಟಿ ಸಕಲೇಶಪುರದತ್ತ ಹೋಗುವಾಗ ನಿಮಗೆ ಕಾಫಿ ತೋಟ, ಮಂಜು ಕಾಣುತ್ತದೆ. ಊರು ಬಿಟ್ಟು ಬಂದವರು ಕಾಣುವುದಿಲ್ಲ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದಾಗ ಮನೆ, ಹೊಲ ಮುಳುಗಿದವರಿಗೆ ಈ ಗುಡ್ಡಗಳಲ್ಲೂ ಜಮೀನು ಕೊಟ್ಟರು. ಈಗ ಅಲ್ಲಿ ಕಾಡಾನೆಗಳ ಕಾಟ ಬೇರೆ.

2023ರ ಈದುಲ್ ಫಿತ್ರ್‌ನ ಮರುದಿನ ಮದ್ರಸದ ಹುಡುಗಿಯರೊಂದಿಗೆ ಶೀರ್ ಖುರ್ಮಾ, ಬಳೆ, ಮೆಹೆಂದಿ ಹಿಡಿದು ಅಂಥದೊಂದು ಊರಿಗೆ ಹೋದೆವು. ಅಜ್ಜಿಯೊಬ್ಬರು ಬಳೆ ತೊಟ್ಟುಕೊಂಡು, "ಇದೆಲ್ಲ ಸರಿ ಮಗಾ, ನಮ್ಮೂರು ತೋರಿಸ್ತೀರಾ?" ಎಂದರು. ನಮ್ಮ ಪಟ್ಟಿಯಲ್ಲಿ ಇದಿರಲಿಲ್ಲ! ವ್ಯಾನಿನಲ್ಲಿ ಕೂರಿಸಿಕೊಂಡು ಶೆಟ್ಟಿಹಳ್ಳಿಗೆ ಹೋದೆವು. ಬೇಸಿಗೆಯಾದ್ದರಿಂದ ನೀರು ಇಳಿದು ಹಳೆಯ ರೋಸರಿ ಚರ್ಚಿನ ಗೋಡೆಗಳು ಬಯಲಲ್ಲಿ ನಿಂತಿದ್ದವು. ಅಜ್ಜಿ ಅದರಾಚೆ ಕೈ ತೋರಿ, "ಅಗೋ, ನಮ್ಮ ಹುಣಸೆ ಮರ" ಎಂದರು. ನಮಗೆ ಕಂಡದ್ದು ಬರೀ ನೀರು. ಹುಡುಗಿಯೊಬ್ಬಳು "ಹೌದಜ್ಜಿ" ಎಂದಳು. ನಾನು ತಿದ್ದಲಿಲ್ಲ.