ಗೇರ್ ಇಳಸೂದು ಮತ್ತ ಹಿಂದ ಕುಂತಾಕಿ ಮಾತು

ಗಾಡಿ ನಿಧಾನ ಮಾಡಬೇಕಾದ್ರ ಗೇರ್ ಇಳಸಬೇಕೋ, ಇಲ್ಲಾ ಕ್ಲಚ್ ಹಿಡದು ಬ್ರೇಕ್ ಒತ್ತಿದ್ರ ಸಾಕೋ? ಎರಡು ತಿಂಗಳಿಂದ ನಮ್ಮ ಮನ್ಯಾಗ ರೊಟ್ಟಿ ಜೋಡಿ ಇದೊಂದು ವಾದ ತಪ್ಪದ ಬರಾಕತ್ತೈತಿ. ಕಾರಣ ನಮ್ಮ ಸಣ್ಣ ಮಗಳು. ಅಕಿಗೆ ಡಂಬಳದ ಕಡೆ ಕೆಲಸ ಸಿಕ್ಕೈತಿ. ಬಸ್ಸಿನ ವ್ಯಾಳ್ಯಾ ಹೊಂದೂದಿಲ್ಲ, ಹೊಸಾ ಸ್ಕೂಟಿ ತಗೊಳ್ಳಾಕ ಈಗ ರೊಕ್ಕ ಇಲ್ಲ. ಮನಿ ಮುಂದ ಅವರಪ್ಪನ ಹಳೇ ಸ್ಪ್ಲೆಂಡರ್ ನಿಂತೈತಿ. “ಅದನ್ನ ಕಲೀತೀನಿ” ಅಂದ್ಲು. ಕಲಸಾಕ ಇಬ್ಬರು ತಯಾರಾದ್ರು, ತೊಂದ್ರಿ ಅಲ್ಲಿಂದ ಶುರುವಾತು.

ಅವರಪ್ಪನ ಮಾತು ಹಿಂಗೈತಿ: “ನಿಧಾನ ಮಾಡಾಕಂತ ಬ್ರೇಕ್ ಕೊಟ್ಟಾರ. ಬ್ರೇಕ್ ಶೂ ಸವದ್ರ ಸ್ವಲ್ಪ ರೊಕ್ಕದಾಗ ಹೊಸಾವು ಬರ್ತಾವು, ಕ್ಲಚ್ ಪ್ಲೇಟ್ ಹೋದ್ರ ಇಂಜಿನ್ನಿಗೆ ಕೈ ಹಾಕಬೇಕು. ಕ್ಲಚ್ ಹಿಡಿ, ಬ್ರೇಕ್ ಒತ್ತು, ನಿಂತ ಮ್ಯಾಲ ಗೇರ್ ಇಳಸು.” ಅವರಣ್ಣಂದು ಇದರ ಉಲ್ಟಾ. “ಇಂಜಿನ್ನ ಗಾಡಿ ಹಿಡೀತೈತಿ, ಪಟಪಟ ಗೇರ್ ಇಳಸ್ಕೋಂತ ಬಾ, ಬ್ರೇಕ್ ಯಾಕ ಬೇಕು?” ಮಗಳು ನನ್ನ ಮುಖಾ ನೋಡಿದ್ಲು.

ನಾನು ಗಾಡಿ ಹೊಡಿಯಾಕಿ ಅಲ್ಲ. ಆದ್ರ ಮೂವತ್ತು ವರ್ಷದಿಂದ ಹಿಂದ ಕುಂತು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲಾ ತಿರಗೇನಿ. ಒಂದು ಕಡಿ ಕಾಲು ಬಿಟ್ಟು, ತೊಡಿ ಮ್ಯಾಲ ಕೂಸು, ಕೂಸಿನ ಮ್ಯಾಲ ಚೀಲ. ಹೊಡಿಯಾವ ಗೇರ್ ಹೆಂಗ ಹಾಕ್ತಾನ ಅನ್ನೂದು ಮೊದಲ ಗೊತ್ತಾಗೂದು ಹಿಂದ ಕುಂತಾಕಿ ಸೊಂಟಕ್ಕ. ನೀವೂ ಎಲ್ಲಾರು ಹಂಗ ಕುಂತು ಬಂದವರ ಅದೀರಿ, ಸುಳ್ಳಂದ್ರ ಹೇಳ್ರಿ.

ಮೊದಲು ಮಗನ ಮಾತಿನ್ಯಾಗ ಖರೆ ಇರೂದು ಎಷ್ಟು ನೋಡೂಣು. ನಮ್ಮ ತವರಮನ್ಯಾಗ ಚಕ್ಕಡಿ ಇತ್ತು. ಇಳಿಜಾರು ಬಂತಂದ್ರ ತುಂಬಿದ ಚಕ್ಕಡಿ ಎತ್ತಿನ ಮ್ಯಾಲ ಬೀಳಾಕ ಹೋಗತೈತಿ. ಎತ್ತು ಕಾಲು ಊರಿ, ಹಿಂದಕ್ಕ ತಡದು ತಡದು ಇಳಿಸ್ತಾವು. ಎಳಿಯೂ ಎತ್ತ ಅಲ್ಲಿ ತಡಿಯೂ ಎತ್ತು. ಇಂಜಿನ್ನೂ ಹಂಗ. ರೇಸ್ ಬಿಟ್ಟಮ್ಯಾಲ ಅದು ಗಾಲಿನ್ನ ತಿರುಗಸೂದು ಬಿಡತೈತಿ, ಗಾಲಿನ ಚೈನಿನ ಮೂಲಕ ಇಂಜಿನ್ನ ತಿರುಗಸಾಕ ಹತ್ತತೈತಿ. ಆಗ ಗಾಳಿ ಒಳಗ ಬರೂ ಬಾಯಿ ಬಹುತೇಕ ಮುಚ್ಚಿರತೈತಿ. ಸೂಜಿ ಮಾಡೂ ಸಿರಿಂಜಿನ ತುದಿಗೆ ಬೆರಳಿಟ್ಟು ಹಿಂದಕ್ಕ ಜಗ್ಗಿ ನೋಡ್ರಿ, ಎಷ್ಟು ಬಿಗಿ ಬರತೈತಿ? ಆ ಬಿಗೀನ ಗಾಡಿನ್ನ ಹಿಡಿಯೂದು. ಗೇರ್ ಸಣ್ಣದಾದಷ್ಟು ಗಾಲಿಯ ಒಂದು ಸುತ್ತಿಗೆ ಇಂಜಿನ್ ಹೆಚ್ಚು ಸುತ್ತು ತಿರಗಬೇಕು, ಹಿಡಿತಾನೂ ಹೆಚ್ಚು.

ಇಳಿಜಾರಿನ್ಯಾಗ ನ್ಯೂಟ್ರಲ್ ಮಾಡಿ ಗಾಡಿ ಬಿಡೂದಂದ್ರ ನಡುದಾರ್ಯಾಗ ಎತ್ತಿನ ಕೊಳ್ಳ ಬಿಚ್ಚಿದಂಗ. ಪೆಟ್ರೋಲ್ ಉಳಿತೈತಿ ಅಂತ ಮಾಡ್ತಾರ. ಈಗಿನ ಗಾಡಿಗೆ ಆ ಲೆಕ್ಕಾನೂ ತಪ್ಪು. 2020ರ ಏಪ್ರಿಲ್‌ನ್ಯಾಗ ಬಿಎಸ್-6 ಬಂದ ಮ್ಯಾಲ ಹೆಚ್ಚಿನಂಶ ಬೈಕಿನ್ಯಾಗ ಕಾರ್ಬೊರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದೈತಿ. ಅದರಾಗ ಗೇರ್‌ನ್ಯಾಗ ಇಟ್ಟು ರೇಸ್ ಪೂರ್ತಿ ಬಿಟ್ರ, ಇಂಜಿನ್ ಸುತ್ತು ಹೆಚ್ಚಿರೂತನಕ ಪೆಟ್ರೋಲ್ ಬರೂದು ಸಾಮಾನ್ಯವಾಗಿ ನಿಂದರತೈತಿ. ನ್ಯೂಟ್ರಲ್ ಮಾಡಿದ್ರ ಇಂಜಿನ್ ಆರಬಾರದು ಅಂತ ಪೆಟ್ರೋಲ್ ಕುಡೀತೈತಿ. ನಮ್ಮದು ಹಳೇ ಕಾರ್ಬೊರೇಟರ್ ಗಾಡಿ, ಅದಕ್ಕ ಇಷ್ಟು ಲಾಭ ಇಲ್ಲ. ಆದ್ರ ಒಂದಿಷ್ಟು ಪೆಟ್ರೋಲಿಗಾಗಿ ಹಿಡಿತ ಬಿಟ್ಟುಕೊಡೂದು ನನಗಂತೂ ಒಪ್ಪೂದಿಲ್ಲ.

ಹಂಗಾದ್ರ ನಮ್ಮ ಮನಿಯವರಿಗೆ ಈ ಹಟ ಎಲ್ಲಿಂದ ಬಂತು? ಅವರು ಗಾಡಿ ಕಲತದ್ದು ನಮ್ಮ ಮಾವನವರ ಯೆಜ್ಡಿ ಮ್ಯಾಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನಿದು, 1996ರಾಗ ಬಂದಾತು. ಕಿಕ್ ಹೊಡಿಯೂ ಕಡ್ಡೀನ ಮುಂದಕ್ಕ ಮಡಚಿದ್ರ ಗೇರ್ ಕಡ್ಡಿ ಆಗ್ತಿತ್ತು, ನೆನಪೈತಿ? ಅದು ಟೂ ಸ್ಟ್ರೋಕ್. ಪೆಟ್ರೋಲಿನ್ಯಾಗ ಆಯಿಲ್ ಕಲಸಿ ಹಾಕಬೇಕು, ಇಂಜಿನ್ ಒಳಗ ಜಿಡ್ಡು ಹೋಗೂದು ಪೆಟ್ರೋಲಿನ ಜೋಡೀನ. ಉದ್ದನ್ನ ಇಳಿಜಾರಿನ್ಯಾಗ ರೇಸ್ ಪೂರಾ ಬಿಟ್ಟು ಸಣ್ಣ ಗೇರ್‌ನ್ಯಾಗ ಬಂದ್ರ ಇಂಜಿನ್ ಜೋರ ತಿರಗತೈತಿ, ಜಿಡ್ಡು ಮಾತ್ರ ಹೋಗೂದಿಲ್ಲ. ಜಾಮ್ ಆಗೂ ಭಯ. ಅದಕ್ಕ ಮಾವನವರು ‘ಇಂಜಿನ್ ಮ್ಯಾಲ ಭಾರ ಹಾಕಬ್ಯಾಡ’ ಅಂತ ಕಲಿಸಿದ್ರು. ಆ ಗಾಡಿಗೆ ಅದು ಸರಿ ಇತ್ತು. ಸ್ಪ್ಲೆಂಡರ್ ಫೋರ್ ಸ್ಟ್ರೋಕ್, ಆಯಿಲ್ ಬ್ಯಾರೇನ ಇಂಜಿನ್ ತಳದಾಗ ಇರತೈತಿ, ರೇಸ್ ಬಿಟ್ರೂ ತಿರಗತಿರತೈತಿ. ಗಾಡಿ ಬದಲಾತು, ಬುದ್ಧಿವಾದ ಬದಲಾಗಲಿಲ್ಲ.

ಶ್ರಾವಣದಾಗ ಕಪ್ಪತಗುಡ್ಡಕ್ಕ ಮಲ್ಲಯ್ಯನ ದರ್ಶನಕ್ಕ ಹೋದವರಿಗೆ ಗೊತ್ತು, ಇಳಿಯೂಮುಂದ ಕೆಲವು ಗಾಡಿ ಹಿಂದ ಸುಟ್ಟ ವಾಸನಿ ಬರತೈತಿ. ಅದು ಬ್ರೇಕ್ ಕಾದ ವಾಸನಿ. ಡ್ರಮ್ ಒಳಗ ಶೂ ತಿಕ್ಕಿ ತಿಕ್ಕಿ ಕಾದು, ಕಡೀಕ ಎಷ್ಟು ಒತ್ತಿದ್ರೂ ಮೊದಲಿನಂಗ ಹಿಡಿಯೂದಿಲ್ಲ. ಇಳಿಜಾರು ಶುರುವಾಗೂ ಮೊದಲ ಎರಡನೇ ಗೇರಿಗೆ ಬಂದು, ಆಮ್ಯಾಲ ಬ್ರೇಕ್ ಆಗಾಗ ಮುಟ್ಟಿದ್ರ ಸಾಕು. ಇಲ್ಲಿ ಮಗನ ಪರವಾಗಿ ನಾನು.

ಆದ್ರ ಅಂವ ಪಟಪಟ ಇಳಸೂದೈತಲ್ಲ, ಅದಕ್ಕ ನನ್ನ ಒಪ್ಪಿಗಿ ಇಲ್ಲ. ನಾಲ್ಕರಿಂದ ಸೀದಾ ಎರಡಕ್ಕ ಬಂದು ಕ್ಲಚ್ ಥಟ್ ಅಂತ ಬಿಟ್ರ ಹಿಂದಿನ ಗಾಲಿ ಯಾರೋ ಹಿಡದಂಗ ಆಗತೈತಿ. ಇಂಜಿನ್ ಹಿಡಿಯೂದು ಹಿಂದಿನ ಗಾಲಿ ಒಂದನ್ನ. ನಿಧಾನ ಆಗೂಮುಂದ ಭಾರ ಎಲ್ಲಾ ಮುಂದಕ್ಕ ಹೋಗಿ ಹಿಂದಿನ ಗಾಲಿ ಹಗುರ ಆಗಿರತೈತಿ. ಹಗುರಾದ ಗಾಲಿನ್ನ ಒಮ್ಮೆಲೆ ಹಿಡದ್ರ ಜಾರತೈತಿ. ನಮ್ಮ ಕಡೆ ಎರಿ ಮಣ್ಣು ಬ್ಯಾರೆ. ಮಳಿ ಆದ ಮ್ಯಾಲ ಹೊಲದಿಂದ ಬಂದ ಟ್ರ್ಯಾಕ್ಟರು ಡಾಂಬರಿನ ಮ್ಯಾಲ ಮಣ್ಣು ಉದುರಿಸಿ ಹೋಗಿರ್ತಾವು, ಅದು ಎಣ್ಣಿ ಸವರಿದಂಗ. ಸುಗ್ಗ್ಯಾಗ ಹುರಳಿ ಹೊಟ್ಟು, ಜೋಳದ ತೆನಿ ರಸ್ತಾದ ಮ್ಯಾಲ ಹರವಿರ್ತಾರ, ಅದೂ ಅಷ್ಟ.

ನಮ್ಮ ನೆಗೆಣ್ಣಿ ಲಕ್ಷ್ಮೇಶ್ವರದ ರಸ್ತಾದಾಗ ಬಿದ್ದದ್ದು ಹಿಂಗ. ಬಿತ್ತಿಗಿ ದಿನ, ಹೊಡಿಯಾವ ಆಕಿ ತಮ್ಮ. ಮುಂದ ಚಕ್ಕಡಿ ಕಂಡು ಬ್ರೇಕ್ ಮುಟ್ಟಲಿಲ್ಲ, ಎರಡು ಗೇರ್ ಕೂಡೇ ಇಳಿಸಿದ. ಹಿಂದಿನ ಗಾಲಿ ಮಣ್ಣಿನ್ಯಾಗ ಓರೆ ಸರೀತು. ಒಂದು ಕಡಿ ಕುಂತಾಕಿಗೆ ಹಿಡಕೊಳ್ಳಾಕ ಏನೈತಿ? ಮುಂಗೈ ಮುರದು ಒಂದೂವರೆ ತಿಂಗಳು ರೊಟ್ಟಿ ಬಡಿಯಾಕ ಆಗಲಿಲ್ಲ. ಹಿಂದ ಬರತಿದ್ದ ಟಂಟಂನವ ಬಾಜೂಕ ಹೊರಳಸಿದ್ದಕ್ಕ ಅಷ್ಟರಾಗ ಹೋತು. ಅಂವ ಆಮ್ಯಾಲ ಹೇಳಿದ್ದು, “ಕೆಂಪು ಲೈಟ ಹತ್ತಲಿಲ್ಲವ್ವಾ, ನನಗ ಹೆಂಗ ತಿಳೀಬೇಕು?” ಖರೆ ಮಾತು. ಗೇರಿನಿಂದ ನಿಧಾನ ಮಾಡಿದ್ರ ಹಿಂದಿನ ಲೈಟ ಹತ್ತೂದಿಲ್ಲ, ಬ್ರೇಕ್ ಮುಟ್ಟಿದ್ರನ ಹತ್ತೂದು.

ನಮ್ಮ ಮನಿಯವರ ಪದ್ಧತಿನ್ಯಾಗೂ ಒಂದು ತೊಂದ್ರಿ ಐತಿ. ಮುಳಗುಂದ ನಾಕಾದಾಗ ನೋಡೇನಿ. ನಾಲ್ಕನೇ ಗೇರ್‌ನ್ಯಾಗ ನಿಂದ್ರಿಸಿ ಬಿಡ್ತಾರ, ಆಮ್ಯಾಲ ಕಾಲಿಂದ ಎಷ್ಟು ಒತ್ತಿದ್ರೂ ಗೇರ್ ಇಳಿಯೂದಿಲ್ಲ. ಗಾಲಿ ನಿಂತಾಗ ಒಳಗಿನ ಹಲ್ಲು ಸರಿಯಾಗಿ ಕೂಡೂದಿಲ್ಲ, ಗಾಡಿ ಹಿಂದ ಮುಂದ ಅಲಗ್ಯಾಡಿಸಬೇಕು. ಅಷ್ಟೊತ್ತಿಗೆ ಹಿಂದಿನವರು ಹಾರ್ನ್ ಹೊಡದು ಹೊಡದು ನಮ್ಮ ಮಾನಾ ತಗೀತಾರ. ಮಾನಾ ಹೋಗಲಿ, ರಸ್ತಾದಾಗ ಕುರಿ ಹಿಂಡು ಅಡ್ಡ ಬಂದು ನಿಧಾನ ಮಾಡೀರಿ ಅನ್ರಿ, ಪಕ್ಕದಿಂದ ಲಾರಿ ಬಂತು, ಜಲ್ದಿ ಸರೀಬೇಕು. ದೊಡ್ಡ ಗೇರ್‌ನ್ಯಾಗ ಇದ್ರ ಗಾಡಿ ಗಡಗಡ ಅಂದು ಅಲ್ಲೇ ಆರತೈತಿ. ನಿಧಾನ ಆಗೂಮುಂದ ಗೇರ್ ಇಳಸೂದು ನಿಂದ್ರಾಕಷ್ಟ ಅಲ್ಲ, ಮತ್ತ ಹೋಗಾಕೂ ಬೇಕು. ಇದು ಅಪ್ಪ ಮಗ ಇಬ್ಬರಿಗೂ ಹೊಳದಿರಲಿಲ್ಲ, ನಮ್ಮ ಗಾಡಿ ನೋಡೂ ಮೆಕ್ಯಾನಿಕ್ ಹೇಳಿದ ಮ್ಯಾಲ ಇಬ್ಬರೂ ಸುಮ್ಮನಾದ್ರು.

ಕ್ಲಚ್ ಸವೀತೈತಿ ಅನ್ನೂದಕ್ಕ ಅಂವ ಕೊಟ್ಟ ಉತ್ರ: ವೇಗಕ್ಕ ತಕ್ಕ ಗೇರಿಗೆ ಇಳಿಸಿ ಮೆತ್ತಗ ಬಿಟ್ರ ಅಂಥಾ ಏನೂ ಸವಿಯೂದಿಲ್ಲ. ಸವಿಯೂದು ಅರ್ಧ ಕ್ಲಚ್ ಹಿಡಕೊಂಡ ಸಂತ್ಯಾಗ ಹೋಗೂದಕ್ಕ.

ಮಗಳಿಗೆ ಕಡೀಕ ಹಿಂಗ ರೂಢಿ ಮಾಡಿಸೇವಿ. ಮೊದಲು ರೇಸ್ ಬಿಡು. ಎರಡೂ ಬ್ರೇಕ್ ಹಗೂರಕ ಒತ್ತು, ಹಿಂದಿನವರಿಗೆ ಲೈಟ ಕಾಣಲಿ. ವೇಗ ಇಳಿದಂಗ ಒಂದು ಗೇರ್ ಇಳಸಿ ಕ್ಲಚ್ ನಿಧಾನ ಬಿಡು, ಆಮ್ಯಾಲ ಇನ್ನೊಂದು. ಇಳಿಸಿದ ಕೂಡ್ಲೆ ಇಂಜಿನ್ ಚೀರಿದ್ರ ಅವಸರ ಮಾಡಿದಿ, ಇಳಸೂ ಮೊದಲ ಗಡಗಡ ಅಂದ್ರ ತಡಾ ಮಾಡಿದಿ. ಕಿವೀನ ಮೀಟರು. ಒಮ್ಮೆಲೆ ನಾಯಿ ಅಥವಾ ಹುಡುಗ್ರು ಅಡ್ಡ ಬಂದ್ರ ಗೇರಿನ ವಿಚಾರ ಬಿಟ್ಟು ಕ್ಲಚ್ ಹಿಡಿ, ಎರಡೂ ಬ್ರೇಕ್ ಒತ್ತು. ಅಲ್ಲಿ ಅವರಪ್ಪಂದ ಪಾಠ ಸರಿ. 60ರ ವೇಗದಾಗ ಗಾಡಿ ಸೆಕೆಂಡಿಗೆ ಹತ್ರಹತ್ರ 17 ಮೀಟರ್ ಹೋಗತೈತಿ, ಗೇರ್ ಎಣಸೂತನಕ ಎಲ್ಲಾ ಮುಗದಿರತೈತಿ.

ಇನ್ನೊಂದು ಗೋಜಲು ಅಂದ್ರ ಕಾಲಿಂದು. ನಮ್ಮ ಸ್ಪ್ಲೆಂಡರಿಗೆ ಮುಂಗಾಲಿಂದ ಒತ್ತಿದ್ರ ಗೇರ್ ಏರತೈತಿ, ಹಿಮ್ಮಡದಿಂದ ಒತ್ತಿದ್ರ ಇಳಿತೈತಿ. ಮಗನ ಪಲ್ಸರಿಗೆ ಮುಂಗಾಲಿಂದ ಒತ್ತಿದ್ರ ಇಳಿತೈತಿ. ಅದಕ್ಕ ಇದೂ ಅದೂ ಎರಡೂ ಹೊಡಿಯಾಕ ಬ್ಯಾಡ ಅಂತ ಮಗಳಿಗೆ ಹೇಳೇನಿ, ಒಂದು ಕೈಗೆ ಹತ್ತಲಿ ಮೊದಲ.

ಸ್ಕೂಟಿ ಇದ್ದವರಿಗೆ ಈ ಪಂಚಾಯ್ತಿ ಇಲ್ಲ, ಗೇರ್ ತಾನ ಬದಲಿಸ್ಕೊಂತೈತಿ. ಆದ್ರ ಇಳಿಜಾರಿನ್ಯಾಗ ನಿಮಗ ಬಹುತೇಕ ಬ್ರೇಕ್ ಒಂದ ಗತಿ. ಗುಡ್ಡ ಇಳಿಯೂದಿದ್ರ ಮೊದಲಿಂದ ನಿಧಾನ ಇಳೀರಿ, ನಡುವ ನಿಂತು ಬ್ರೇಕ್ ಆರಿಸ್ಕೊಳ್ರಿ.

ಮೊನ್ನೆ ಮಗಳ ಹಿಂದ ಕುಂತು ಡಂಬಳಕ್ಕ ಹೋಗಿ ಬಂದೆ. ಹಂಪ್ ಬಂದಾಗೆಲ್ಲ ಚೊಲೋ ಇಳಿಸಿದ್ಲು, ಆದ್ರೂ ಒಂದೊಂದು ಸಲ ಸೊಂಟಕ್ಕ ಧಕ್ಕಿ ಬಂತು. ಮನಿಗೆ ಬಂದು ನೋಡಿದ್ರ ಚೈನ್ ಜೋತುಬಿದ್ದಿತ್ತು. ಚೈನ್ ಸಡ್ಲಿದ್ರ ಎಷ್ಟು ಮೆತ್ತಗ ಕ್ಲಚ್ ಬಿಟ್ರೂ ಜರ್ಕ್ ಹೊಡೀತೈತಂತ. ಈ ಐತಾರ ಬಿಗಿ ಮಾಡಿಸಾಕ ಕಳಸೂದೈತಿ.