ಮರಳುವ ದಾರಿಯ ಬುತ್ತಿ

ರಾಕೆಟ್ ಎಂದರೆ ಮೇಲಕ್ಕೇರುವ ವಸ್ತುವೆಂದೇ ನಮ್ಮ ತಲೆಮಾರಿನವರ ತಿಳಿವಳಿಕೆ. ಅದರ ಕೆಳಹಂತ ಏನಾಯಿತೆಂದು ಕೇಳಿದವರು ಕಡಿಮೆ. ಶ್ರೀಹರಿಕೋಟೆಯಿಂದ ಏರುವ ಪಿ.ಎಸ್.ಎಲ್.ವಿ.ಯ ಮೊದಲ ಹಂತವು ಎರಡು ನಿಮಿಷದೊಳಗೆ ಇಂಧನ ಮುಗಿಸಿ, ಕಳಚಿಕೊಂಡು, ಸಮುದ್ರದ ಪಾಲಾಗುತ್ತದೆ. ಎಷ್ಟೋ ಜನರ ಎಷ್ಟೋ ದಿನಗಳ ದುಡಿಮೆ ಅದು. ಮಠದ ಪ್ರಸಾದ ನಿಲಯದಲ್ಲಿ ಎಡೆಯಲ್ಲಿ ಒಂದು ಅಗುಳನ್ನೂ ಬಿಡದೆ ಉಣ್ಣಲು ಕಲಿತ ನಮಗೆ ಈ ಸಂಗತಿ ಬಹುಕಾಲ ಮನಸ್ಸಿಗೆ ಒಗ್ಗಿರಲಿಲ್ಲ.

2024ರ ಅಕ್ಟೋಬರ್ 13, ರವಿವಾರ, ವಿಜಯದಶಮಿಯ ಮರುದಿನ. 14 ವರುಷಗಳಿಂದ ಅಮೆರಿಕದ ಡಲ್ಲಾಸಿನಲ್ಲಿರುವ ನಮ್ಮ ಮಗ ದೂರವಾಣಿಯಲ್ಲಿ, “ಅಪ್ಪಾರ, ಇವತ್ತ ಸಂಜೀಕ ಐದೂವರಿಯಿಂದ ನೋಡ್ರಿ, ಮರೀಬ್ಯಾಡ್ರಿ” ಎಂದು ಒತ್ತಿ ಹೇಳಿದ್ದ. ಅಂತೆಯೇ ನಾವೂ ನಮ್ಮ ಮನೆಯವರೂ ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳೂ ನೇರ ಪ್ರಸಾರದ ಮುಂದೆ ಕುಳಿತೆವು. ಧಾರವಾಡದಲ್ಲಿ ದೀಪ ಹಚ್ಚುವ ಹೊತ್ತು; ಟೆಕ್ಸಾಸಿನ ಕಡಲಂಚಿನ ಬೊಕಾ ಚಿಕಾದಲ್ಲಿ ಆಗ ಬೆಳಗು. ಸ್ಪೇಸ್‌ಎಕ್ಸ್ ಸಂಸ್ಥೆಯ ಸ್ಟಾರ್‌ಶಿಪ್ಪಿನ ಐದನೆಯ ಪರೀಕ್ಷಾ ಹಾರಾಟ ಅದು. ನಮ್ಮ ಗಡಿಯಾರದಲ್ಲಿ 5 ಗಂಟೆ 55 ನಿಮಿಷಕ್ಕೆ 33 ಎಂಜಿನ್ನುಗಳು ಒಮ್ಮೆಲೇ ಹೊತ್ತಿಕೊಂಡವು.

ಎರಡೂವರೆ ನಿಮಿಷ ಕಳೆದು, 60 ಕಿಲೋಮೀಟರಿಗೂ ಮೇಲೆ, ಎರಡು ಹಂತಗಳು ಬೇರೆಯಾದವು. ಮೇಲಿನ ನೌಕೆ ತನ್ನ ದಾರಿ ಹಿಡಿಯಿತು. ಬೂಸ್ಟರ್ ಎಂದು ಕರೆಯುವ ಕೆಳಹಂತವು ದಿಕ್ಕು ಬದಲಿಸಿ ಹೊರಟ ಕಡೆಗೇ ತಿರುಗಿತು. ನಮ್ಮ ಮನೆಯವರು ಆಗ ಕೇಳಿದರು: “ಹೊಳ್ಳಿ ಬರಾಕ ಎಣ್ಣಿ ಉಳಿಸ್ಕೊಂಡೈತೇನದು?”

ಮೊಮ್ಮಗಳು ನಕ್ಕಳು, ಆದರೆ ಪ್ರಶ್ನೆ ನಗುವಂತಹದಲ್ಲ. ಇಡೀ ವಿದ್ಯೆಯ ತಿರುಳು ಅದರಲ್ಲಿಯೇ ಇದೆ. ಬೂಸ್ಟರ್ ಮರಳಬೇಕಾದರೆ ಮೀಥೇನ್ ಹಾಗೂ ದ್ರವ ಆಮ್ಲಜನಕವನ್ನು ಪೂರ್ತಿ ಉರಿಸುವಂತಿಲ್ಲ. ಉಳಿಸಿಕೊಂಡುದರ ಭಾರವನ್ನೂ ಹೊತ್ತುಕೊಂಡೇ ಏರಬೇಕು. ಅಷ್ಟರಮಟ್ಟಿಗೆ ಮೇಲೆ ಒಯ್ಯುವ ಸರಕು ಕಡಿಮೆಯಾಗುತ್ತದೆ. ಹೀಗೆ ಮರಳುವಿಕೆಯ ವೆಚ್ಚವನ್ನು ಹೊರಡುವಾಗಲೇ ತೆತ್ತಿರಬೇಕು. ಭಾರ ಉಳಿಸಲೆಂದೇ ಇದಕ್ಕೆ ಕಾಲುಗಳನ್ನೂ ಇಟ್ಟಿಲ್ಲ. ಇದೇ ಸಂಸ್ಥೆಯ ಫಾಲ್ಕನ್-9 ರಾಕೆಟ್ಟಿನ ಕೆಳಹಂತ 2015ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ನೆಲಕ್ಕಿಳಿದದ್ದು ನಾಲ್ಕು ಕಾಲೂರಿ; ಇಲ್ಲಿಯಾದರೋ ಉಡಾವಣೆಯ ಗೋಪುರವೇ ಎರಡು ಉಕ್ಕಿನ ತೋಳು ಚಾಚಿ ಹಿಡಿಯಬೇಕು.

ಹಿಡಿಯಿತು. ಸುಮಾರು 71 ಮೀಟರ್ ಉದ್ದದ, ಮುರುಡೇಶ್ವರದ ರಾಜಗೋಪುರಕ್ಕೆ ಹೆಚ್ಚು ಕಡಿಮೆ ಸಮನಾದ ಆ ಕೊಳವೆ ಆಕಾಶದಿಂದ ಕಲ್ಲಿನಂತೆ ಬಿದ್ದು ಬಂತು. 13 ಎಂಜಿನ್ನುಗಳು ಹೊತ್ತಿ ವೇಗವನ್ನು ಮುರಿದವು. ಬಳಿಕ ಮೂರೇ ಉಳಿದವು. ತುಸು ಓರೆಯಾಗಿ ಬಂದು, ನೆಟ್ಟಗೆ ನಿಂತು, ತೋಳುಗಳ ನಡುವೆ ಮೆಲ್ಲನೆ ಜಾರಿ ನೇತುಕೊಂಡಿತು. ಹೊರಟು ಏಳೇ ನಿಮಿಷ! ಅಲ್ಲಿಯ ತರುಣರ ಕೇಕೆ ಕಿವಿಗಡಚಿಕ್ಕಿತು. ನಮ್ಮ ಮನೆಯವರು ಮಾತ್ರ, “ಇಷ್ಟ ಭಾರದ್ದು ಏಳು ನಿಮಿಷದಾಗ ಹೊಳ್ಳಿ ಬಂತು ನೋಡ್ರಿ” ಎಂದು ಎದ್ದು ದೀಪ ಹಚ್ಚಲು ಹೋದರು. ಮಗನ ಮಾತನ್ನು ಅವರು ಎತ್ತಲಿಲ್ಲ. ನಾವೂ ಎತ್ತಲಿಲ್ಲ.

ಈ ಏರ್ಪಾಟಿನಲ್ಲಿ ನಾವು ಬಹುವಾಗಿ ಮೆಚ್ಚಿದ್ದು ಬೇರೊಂದು ಅಂಶ. ಬೂಸ್ಟರಿಗೆ ಮೊದಲೇ ಗೊತ್ತುಮಾಡಿದ ದಾರಿ ಗೋಪುರದ ಕಡೆಗಲ್ಲ, ಸಮುದ್ರದ ಕಡೆಗೆ. ಯಂತ್ರವೂ ಗೋಪುರವೂ ಸುಸ್ಥಿತಿಯಲ್ಲಿದ್ದು, ಹಾರಾಟದ ನಿರ್ದೇಶಕರು ತಾವಾಗಿ ಅಪ್ಪಣೆಯಿತ್ತರೆ ಮಾತ್ರ ಅದು ಗೋಪುರದತ್ತ ಬರಬೇಕು. ಮರು ತಿಂಗಳು, ನವೆಂಬರ್ 19ರ ಹಾರಾಟದಲ್ಲಿ ಗೋಪುರದ ಸ್ಥಿತಿ ಸರಿಯಿಲ್ಲವೆಂದು ಕಂಡಕೂಡಲೇ ಬೂಸ್ಟರನ್ನು ಮೆಕ್ಸಿಕೊ ಕೊಲ್ಲಿಗೆ ಇಳಿಸಿಬಿಟ್ಟರು. ಜಗತ್ತೆಲ್ಲ ನೋಡುತ್ತಿರುವಾಗ ಹಾಗೆ ಕೈಬಿಡುವುದು ಸಾಮಾನ್ಯ ಸಂಯಮವಲ್ಲ. ಹಿಡಿದ ಸಾಹಸಕ್ಕಿಂತ ನಮಗೆ ಇದೇ ಹಿರಿದೆನಿಸಿತು. 2025ರ ಜನವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಬೂಸ್ಟರನ್ನು ಮತ್ತೆ ಹಿಡಿದರಾದರೂ, ಎರಡು ಸಲವೂ ಮೇಲಿನ ನೌಕೆ ನಾಶವಾಯಿತು. ಜನವರಿಯಲ್ಲಿ ಅದರ ಉರಿಯುವ ಚೂರುಗಳಿಗೆ ಅಂಜಿ ವಿಮಾನಗಳು ದಾರಿ ಬದಲಿಸಬೇಕಾಯಿತು. ಚಪ್ಪಾಳೆ ತಟ್ಟುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನಮ್ಮವರೂ ಸುಮ್ಮನೆ ಕುಳಿತಿಲ್ಲ. ನಮ್ಮದೇ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯು ರೆಕ್ಕೆಯುಳ್ಳ ಒಂದು ವಾಹನವನ್ನು ವಾಯುಪಡೆಯ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. ಚಾಲಕನಿಲ್ಲದೆ ಅದು ತಾನೇ ಹಾದಿ ಕಂಡುಕೊಂಡು ಓಡುದಾರಿಯ ಮೇಲೆ ಇಳಿಯಿತು. 2024ರ ಮಾರ್ಚ್ ಹಾಗೂ ಜೂನ್ ತಿಂಗಳುಗಳಲ್ಲಿ, ಪುಷ್ಪಕವೆಂಬ ಹೆಸರಿನಲ್ಲಿ, ಇನ್ನೂ ಕಠಿಣ ಸ್ಥಿತಿಯಲ್ಲಿ ಆ ಪ್ರಯೋಗ ಮತ್ತೆರಡು ಸಲ ನಡೆಯಿತು. ಬಾಹ್ಯಾಕಾಶಕ್ಕೆ ಹೋಗಿ ಬರುವುದು ಅದಕ್ಕಿನ್ನೂ ಬಾಕಿ. ಮನೆಗಿಳಿಯುವುದನ್ನು ಮೊದಲು ಕಲಿಸುತ್ತಿದ್ದಾರೆ. ಈ ಸುದ್ದಿಯನ್ನು ಮಗನಿಗೆ ತಿಳಿಸಿದೆವು. ಮುಂದಿನ ಸಲ ಊರಿಗೆ ಬಂದಾಗ ಚಳ್ಳಕೆರೆಯ ಹಾದಿಯಿಂದಲೇ ಬರುತ್ತೇನೆಂದಿದ್ದಾನೆ.